ಮುನಿಲಕ್ಷ್ಮಿ ಟೀಚರ್ ಎಂ.ಎ. ಮಾಡಿದ್ದು

ಮೊದಲ ದಿನದ ಮೊದಲ ತರಗತಿಯಲ್ಲಿ ಪ್ರೊಫೆಸರ್ ನಂದಕುಮಾರ್ ಬೋರ್ಡಿನ ಮೇಲೆ ‘ಮಗು ಎಂದರೆ ಯಾರು?’ ಎಂದು ದೊಡ್ಡದಾಗಿ ಬರೆದು, ಯಾರಿಗೂ ಗೊತ್ತಿಲ್ಲದ ಗುಟ್ಟನ್ನು ರಟ್ಟು ಮಾಡಿದವರಂತೆ ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಮೂವತ್ತು ಜನ ವಿದ್ಯಾರ್ಥಿಗಳು ತಲೆ ತಗ್ಗಿಸಿ ಬರೆದುಕೊಂಡರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮುನಿಲಕ್ಷ್ಮಿ ಮಾತ್ರ ಪೆನ್ನು ತೆರೆಯಲಿಲ್ಲ. ಹದಿನೇಳು ವರ್ಷಗಳಿಂದ ಪುಟ್ಟೇನಹಳ್ಳಿಯ ಅಂಗನವಾಡಿ ನಡೆಸುತ್ತಿದ್ದ ನಲವತ್ತನಾಲ್ಕರ ಹೆಂಗಸು ಅವಳು. ವರ್ಷಕ್ಕೆ ಇಪ್ಪತ್ತರಂತೆ ಹಿಡಿದರೂ ಮುನ್ನೂರಕ್ಕಿಂತ ಹೆಚ್ಚು ಮಕ್ಕಳ ಮೂಗು ಒರೆಸಿದ್ದಳು. ಮಗು ಅಂದರೆ ಯಾರು ಅಂತ ಗೊತ್ತಿಲ್ಲದೆ ಈ ಮನುಷ್ಯ ಪ್ರೊಫೆಸರ್ ಹೇಗಾದ ಎಂದು ಅವಳಿಗೆ ನಗು ಬಂತು. ಕೆಮ್ಮಿದ ಹಾಗೆ ಮಾಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅವಳು ಅಲ್ಲಿಗೆ ಬಂದದ್ದು ಕಲಿಯಬೇಕೆಂಬ ಆಸೆಯಿಂದಲ್ಲ. ಸಿಟ್ಟಿನಿಂದ.

ಪುಟ್ಟೇನಹಳ್ಳಿಯ ಹಳೆಯ ಬೀದಿಯಲ್ಲಿ ಅವಳ ಗಂಡ ದೇವರಾಜನ ಮನೆತನಕ್ಕೆ ಹೆಸರಿತ್ತು. ಮಾವನ ಕಾಲದಲ್ಲಿ ಕೆರೆಯ ಕೆಳಗೆ ರಾಗಿ, ಸೊಪ್ಪು ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ನಿಂತಿತ್ತು. ದೇವರಾಜನಿಗೆ ಮುಖ್ಯರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ, ಮನೆಯ ಮೇಲೆ ಎರಡು ಮಹಡಿ ತುಂಬ ಬಾಡಿಗೆದಾರರು. ಅಂಗನವಾಡಿಯ ಗೌರವಧನ ನಂಬಿಕೊಂಡು ಬದುಕಬೇಕಾದ ಗತಿ ಅವಳಿಗಿರಲಿಲ್ಲ. ಬೀದಿಯಲ್ಲಿ ಹೋಗುವಾಗ ಮುದುಕರೂ ‘ಟೀಚರಮ್ಮ’ ಎಂದು ದಾರಿ ಬಿಡುತ್ತಿದ್ದರಲ್ಲ, ಅದಕ್ಕಾಗಿ ಆ ಕೆಲಸ ಇಟ್ಟುಕೊಂಡಿದ್ದಳು. ಅಷ್ಟು ಎತ್ತರದಲ್ಲಿ ನಿಂತವಳಿಗೆ ಬೇರೆಯವರೆಲ್ಲ ಸ್ವಲ್ಪ ಕೆಳಗೇ ಕಾಣುತ್ತಿದ್ದರು. ಬಾಡಿಗೆಗೆ ಬಂದವರು ಕೆಳಗೆ, ಇಲಾಖೆಯವರು ಕೆಳಗೆ, ಗಂಡ ಕೂಡ ಎರಡು ಮೆಟ್ಟಿಲು ಕೆಳಗೆ.

ಹೀಗಿರುವಾಗ ಹೊಸ ಸೂಪರ್‌ವೈಸರ್ ಬಂದಳು. ಅರ್ಪಿತ ಎಂದು ಹೆಸರು, ಇಪ್ಪತ್ತೇಳರ ಹುಡುಗಿ, ಸ್ಕೂಟಿಯ ಮೇಲೆ ಬರುತ್ತಿದ್ದಳು. ಮೊದಲ ತಿಂಗಳ ಸಭೆಯಲ್ಲೇ, ತನ್ನ ತಾಯಿಯ ವಯಸ್ಸಿನ ಹೆಂಗಸರನ್ನೆಲ್ಲ ಚಾಪೆಯ ಮೇಲೆ ಕೂರಿಸಿ, ತಾನು ಕುರ್ಚಿಯಲ್ಲಿ ಕೂತು ಹೇಳಿದಳು:

“ನಿಮಗೆಲ್ಲ ಎಕ್ಸ್‌ಪೀರಿಯನ್ಸ್ ಇದೆ, ಒಪ್ತೀನಿ ಮೇಡಂ. ಆದ್ರೆ ಥಿಯರಿ ಇಲ್ಲ. ಅದಕ್ಕೇ ನೀವು ಮಕ್ಕಳನ್ನ ಮ್ಯಾನೇಜ್ ಮಾಡ್ತೀರ ಅಷ್ಟೇ, ಅರ್ಥ ಮಾಡ್ಕೊಳಲ್ಲ.”

ಉಳಿದ ಹೆಂಗಸರು ತಲೆಯಾಡಿಸಿ ಟೀ ಕುಡಿದು ಎದ್ದುಹೋದರು. ಮುನಿಲಕ್ಷ್ಮಿಯ ಟೀ ಲೋಟದಲ್ಲೇ ಆರಿತು. ಅದೇ ವಾರ ಜಯನಗರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಕಾಲೇಜಿನ ಗೇಟಿಗೆ ಕಟ್ಟಿದ್ದ ಫ್ಲೆಕ್ಸ್ ಅವಳ ಕಣ್ಣಿಗೆ ಬಿತ್ತು: ಬಾಲ್ಯ ಮತ್ತು ಯುವಜನ ಅಧ್ಯಯನ, ಎಂ.ಎ., ಉದ್ಯೋಗಸ್ಥರಿಗೆ ಮೂರು ವರ್ಷದ ಅರೆಕಾಲಿಕ ತರಗತಿ. ಮೂವತ್ತನೇ ವಯಸ್ಸಿನಲ್ಲಿ ಅಂಚೆಯಲ್ಲಿ ಬಿ.ಎ. ಮುಗಿಸಿದ್ದ ಸರ್ಟಿಫಿಕೇಟು ಬೀರುವಿನಲ್ಲಿ ಇದ್ದೇ ಇತ್ತು. ಅದನ್ನು ತೆಗೆದುಕೊಂಡು ಹೋಗಿ ಸೇರಿಬಿಟ್ಟಳು.

“ಈ ವಯಸ್ಸಲ್ಲಿ ಯುವಜನ ಅಧ್ಯಯನನಾ?” ಎಂದು ದೇವರಾಜ ನಕ್ಕ. “ಮನೇಲಿ ಒಬ್ಬ ಯುವಜನ ಹನ್ನೊಂದು ಗಂಟೆವರೆಗೂ ಮಲ್ಗಿರ್ತಾನೆ. ಮೊದ್ಲು ಅವನನ್ನ ಎಬ್ಬಿಸಿ ಅಧ್ಯಯನ ಮಾಡು.”

ಅವನು ಹೇಳಿದ್ದು ಮಗ ಮನುವಿನ ವಿಷಯ. ಗಂಡನ ಮಾತಿಗೆ ಉತ್ತರ ಕೊಡುವುದನ್ನು ಮುನಿಲಕ್ಷ್ಮಿ ಬಿಟ್ಟು ಬಹಳ ವರ್ಷಗಳಾಗಿದ್ದವು.

ಶನಿವಾರ ಸಂಜೆ, ಭಾನುವಾರ ಇಡೀ ದಿನ ತರಗತಿ. ಕೆಲವೇ ವಾರಗಳಲ್ಲಿ ಅವಳು ಅಲ್ಲಿದ್ದವರನ್ನೆಲ್ಲ ತೂಗಿ ನೋಡಿ ಬದಿಗಿಟ್ಟಳು. ಬನಶಂಕರಿಯಲ್ಲಿ ಪ್ಲೇ ಹೋಮ್ ನಡೆಸುವ ಒಬ್ಬಾಕೆ, ತನ್ನ ಬೋರ್ಡಿನ ಮೇಲೆ ಹೆಸರಿನ ಮುಂದೆ ಎರಡಕ್ಷರ ಹಾಕಿಸುವುದಕ್ಕಷ್ಟೇ ಬಂದವಳು; ಡಯಾಪರ್ ಬದಲಾಯಿಸಲು ಆಯಾ ಇಟ್ಟಿದ್ದಾಳೆ, ಮಾತನಾಡಲು ಮಾತ್ರ ತಾನು. ಪದ್ಮನಾಭನಗರದ ಟ್ಯೂಷನ್ ಮೇಷ್ಟ್ರು ಒಬ್ಬರು, ಮಕ್ಕಳ ಮೇಲಿನ ಒತ್ತಡದ ಬಗ್ಗೆ ಚರ್ಚೆಯಾಗುವಾಗ ಮೇಜಿನ ಕೆಳಗೆ ತಮ್ಮ ಸೆಂಟರಿನ ಮಕ್ಕಳ ಟೆಸ್ಟ್ ಪೇಪರ್ ತಿದ್ದುವವರು. ಇನ್ನು ಸೌಮ್ಯ ಎನ್ನುವ ಹುಡುಗಿ. ಇಪ್ಪತ್ತಾರು ವಯಸ್ಸು, ಯಾವುದೋ ಸ್ವಯಂಸೇವಾ ಸಂಸ್ಥೆಯಲ್ಲಿ ಕೆಲಸ, ಹೆಗಲಿಗೆ ಖಾದಿ ಚೀಲ, ಮಾತಿಗೊಮ್ಮೆ ‘ಮಕ್ಕಳ ದನಿ’. ಮಕ್ಕಳ ದನಿ ಎಂದರೆ ಏನೆಂದು, ಇಪ್ಪತ್ತೆರಡು ಮಕ್ಕಳು ಒಟ್ಟಿಗೆ ಅತ್ತಾಗ ಬಂದು ಕೇಳಲಿ ಎಂದುಕೊಂಡಳು ಮುನಿಲಕ್ಷ್ಮಿ.

ಎಲ್ಲರಿಗಿಂತ ದೊಡ್ಡ ತಾತ್ಸಾರ ನಂದಕುಮಾರರಿಗೆ ಮೀಸಲಾಗಿತ್ತು. ಒಂದು ಭಾನುವಾರ ಕಾಲೇಜಿನ ವಾಚ್‌ಮನ್ನನ ಎರಡು ವರ್ಷದ ಮಗು ತಪ್ಪಿಸಿಕೊಂಡು ಕಾರಿಡಾರಿಗೆ ಬಂದು, ಪ್ರೊಫೆಸರರ ಪ್ಯಾಂಟು ಹಿಡಿದುಕೊಂಡಿತು. ಮೂವತ್ತು ವರ್ಷ ಬಾಲ್ಯವನ್ನು ಅಧ್ಯಯನ ಮಾಡಿದ ಮನುಷ್ಯ ಎರಡೂ ಕೈಯನ್ನು, ಕೈಯಲ್ಲಿದ್ದ ಫೈಲಿನ ಸಮೇತ, ಪೊಲೀಸರಿಗೆ ಶರಣಾದವರಂತೆ ಮೇಲೆತ್ತಿ “ಯಾರ್ರೀ ಇದು? ಯಾರಾದ್ರೂ ತಗೊಳ್ರೀ” ಎಂದು ಕೂಗಿದರು. ಮುನಿಲಕ್ಷ್ಮಿ ಹೋಗಿ ಮಗುವನ್ನು ಎತ್ತಿಕೊಂಡಳು. ಅಂದಿನಿಂದ ಅವರು ಪಾಠ ಮಾಡುವಾಗಲೆಲ್ಲ ಅವಳಿಗೆ ಆ ಎತ್ತಿದ ಕೈಗಳೇ ಕಾಣುತ್ತಿದ್ದವು.

ಅವಳ ಮೊದಲ ಪ್ರಬಂಧಕ್ಕೆ ಅವರು ಕೊಟ್ಟದ್ದು ಸಿ. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ, ‘ಅನುಭವವಿದೆ, ವಿಶ್ಲೇಷಣೆ ಇಲ್ಲ’ ಎಂದು ಬರೆದಿದ್ದರು. ಮುಂದಿನ ಪ್ರಬಂಧದಲ್ಲಿ ಅವಳು ಅದದೇ ಮಾತುಗಳನ್ನು ಬರೆದು, ನಾಲ್ಕು ಸಾಲಿಗೊಮ್ಮೆ ‘ಕರ್ತೃತ್ವ’, ‘ಸಾಮಾಜಿಕ ನಿರ್ಮಿತಿ’, ‘ಅಧಿಕಾರ ಸಂಬಂಧ’ ಎಂಬ ಪದಗಳನ್ನು ಒಗ್ಗರಣೆಗೆ ಸಾಸಿವೆ ಉದುರಿಸಿದಂತೆ ಉದುರಿಸಿದಳು. ಬಿ ಪ್ಲಸ್ ಬಂತು. ಇಷ್ಟೇನಾ ಇವರ ವಿದ್ಯೆ ಎಂದು ಅವಳಿಗೆ ನಿಜವಾಗಿ ಬೇಸರವಾಯಿತು.

ಮೊದಲ ವರ್ಷದ ಪರೀಕ್ಷೆಗಳಲ್ಲಿ ಒಂದು ಗುರುವಾರ ಬಿತ್ತು. ವಿಷಯ: ಮಕ್ಕಳ ಹಕ್ಕುಗಳು. ಅಂಗನವಾಡಿಯ ಸಹಾಯಕಿ ಲಕ್ಷ್ಮಮ್ಮ ಅಣ್ಣನ ತಿಥಿಗೆಂದು ಕನಕಪುರದ ಕಡೆ ಹೋಗಿದ್ದಳು. ರಜೆ ಕೇಳಿದರೆ ಅರ್ಪಿತಳ ಮುಂದೆ ಕಾರಣ ಹೇಳಬೇಕು. ಅವಳ ಮುಂದೆ ಕೈಕಟ್ಟಿ ನಿಲ್ಲಲು ಮುನಿಲಕ್ಷ್ಮಿಗೆ ಮನಸ್ಸಿರಲಿಲ್ಲ. ಬಾಗಿಲಿಗೆ ಬೀಗ ಹಾಕಿ, ‘ಇಲಾಖೆಯ ಸಭೆ ಇರುವುದರಿಂದ ಈ ದಿನ ರಜೆ’ ಎಂದು ಚೀಟಿ ಅಂಟಿಸಿ, ಜಯನಗರದ ಬಸ್ಸು ಹತ್ತಿದಳು. ಆ ಪತ್ರಿಕೆಯಲ್ಲಿ ಅವಳಿಗೆ ಅರವತ್ತೆಂಟು ಬಂತು. ಇಡೀ ತರಗತಿಗೆ ಅದೇ ಹೆಚ್ಚು.

ಆದರೆ ಆ ಗುರುವಾರ ಬೆಳಿಗ್ಗೆ ಶಿವವ್ವ ಎನ್ನುವ ಹೆಂಗಸು ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ಬಂದು ಆ ಬೀಗದ ಮುಂದೆ ನಿಂತಿದ್ದಳು. ವಿಜಯಪುರದ ಕಡೆಯವಳು, ಅಪಾರ್ಟ್‌ಮೆಂಟಿನಲ್ಲಿ ಹೌಸ್‌ಕೀಪಿಂಗ್ ಕೆಲಸ, ಕೆರೆಯ ಹಿಂದಿನ ಶೀಟಿನ ಮನೆಗಳಲ್ಲಿ ವಾಸ. ಅವಳು ಬೀಗದ ಫೋಟೋ ತೆಗೆದಳು, ಚೀಟಿಯ ಫೋಟೋ ತೆಗೆದಳು. ಅಪಾರ್ಟ್‌ಮೆಂಟಿನ ಯಾರೋ ಮೇಡಮ್ಮಿನ ಸಹಾಯದಿಂದ ಇಲಾಖೆಗೆ ಕಳಿಸಿದಳು. ಅಂದು ಯಾವ ಸಭೆಯೂ ಇರಲಿಲ್ಲ ಎಂದು ಇಲಾಖೆಗೆ ಗೊತ್ತಿಲ್ಲದೆ ಇರುತ್ತದೆಯೇ? ಮುನಿಲಕ್ಷ್ಮಿಗೆ ಮೆಮೊ ಬಂತು. ಹದಿನೆಂಟು ವರ್ಷದಲ್ಲಿ ಮೊದಲ ಮೆಮೊ, ಅದೂ ಅರ್ಪಿತಳ ಕೈಯಿಂದ.

“ಹುಷಾರಿರ್ಲಿಲ್ಲ ಅಂತ ಬರ್ದು ಕೊಡಿ ಮೇಡಂ, ಮುಗಿಸ್ಬಿಡ್ತೀನಿ” ಎಂದಳು ಅರ್ಪಿತ, ಅಯ್ಯೋ ಪಾಪ ಎನ್ನುವ ಧ್ವನಿಯಲ್ಲಿ.

ಆ ಕನಿಕರವೇ ಅವಳನ್ನು ಹೆಚ್ಚು ಸುಟ್ಟಿತು. ಹುಷಾರಿರಲಿಲ್ಲ ಎಂದು ಬರೆದುಕೊಟ್ಟಳು. ಮನೆಗೆ ಬಂದು, “ಎಲ್ಲಿಂದಲೋ ಗಂಟುಮೂಟೆ ಕಟ್ಕೊಂಡು ಬಂದವ್ರು. ನಾವು ಜಾಗ ಕೊಟ್ಟಿಲ್ದಿದ್ರೆ ಎಲ್ಲಿರ್ತಿದ್ರು? ಈಗ ನಮ್ಮ ಮೇಲೇ ಕಂಪ್ಲೇಂಟು” ಎಂದು ಪಾತ್ರೆಗಳ ಮೇಲೆ ಕೂಗಾಡಿದಳು. ಶಿವವ್ವ ಅವಳ ಬಾಡಿಗೆದಾರಳೂ ಆಗಿರಲಿಲ್ಲ, ಅವಳು ಯಾವ ಜಾಗವನ್ನೂ ಕೊಟ್ಟಿರಲಿಲ್ಲ. ಆದರೂ ಹಾಗೆ ಅನ್ನುವುದರಲ್ಲಿ ಏನೋ ಸಮಾಧಾನವಿತ್ತು.

ಎರಡನೇ ವರ್ಷದಲ್ಲಿ ಕ್ಷೇತ್ರಕಾರ್ಯ. ಪ್ರತಿಯೊಬ್ಬರೂ ಮಕ್ಕಳಿರುವ ಜಾಗವೊಂದರಲ್ಲಿ ನಲವತ್ತು ಗಂಟೆ ಕೂತು ಗಮನಿಸಿ ಬರೆಯಬೇಕು. ಸೌಮ್ಯ ಬಂದು, “ಅಕ್ಕಾ, ನಿಮ್ ಅಂಗನವಾಡಿಗೇ ಬರ್ಲಾ? ನೀವಿದ್ರೆ ನಂಗೆ ಕಂಫರ್ಟಬಲ್” ಎಂದು ಕೇಳಿದಳು. ಬರಲಿ, ಕೆಲಸ ಎಂದರೆ ಏನೆಂದು ನೋಡಿ ಸಾಯಲಿ ಎಂದು ಮುನಿಲಕ್ಷ್ಮಿ ಒಪ್ಪಿಕೊಂಡಳು. ಅಧಿಕಾರಿಗಳ ಅನುಮತಿ ಪತ್ರವನ್ನು ತಾನೇ ಮುಂದೆ ನಿಂತು ಮಾಡಿಸಿಕೊಟ್ಟಳು.

ಸೌಮ್ಯ ಗೋಡೆಗೆ ಒರಗಿ ಚಾಪೆಯ ಮೇಲೆ ಕೂರುತ್ತಿದ್ದಳು. ತೊಡೆಯ ಮೇಲೆ ನೋಟ್‌ಬುಕ್. ಯಾವ ಮಗು ಎಷ್ಟು ಹೊತ್ತಿಗೆ ಎಲ್ಲಿ ನೋಡಿತು, ಯಾರು ಯಾರನ್ನು ತಳ್ಳಿದರು, ಟೀಚರ್ ಏನಂದರು, ಎಲ್ಲವೂ ಅದರೊಳಗೆ ಹೋಗುತ್ತಿತ್ತು. ಒಂದು ಮಧ್ಯಾಹ್ನ ಸಾಂಬಾರಿನ ಪಾತ್ರೆಗೆ ಮಗುವೊಂದು ಕಾಲು ತಾಗಿಸಿ, ಅದು ವಾಲಿ ಚಾಪೆಯೆಲ್ಲ ಹಳದಿಯಾಯಿತು. ಲಕ್ಷ್ಮಮ್ಮ ಒಳಗಿದ್ದಳು, ಮುನಿಲಕ್ಷ್ಮಿಯ ಎರಡೂ ಕೈಯಲ್ಲಿ ಮಕ್ಕಳಿದ್ದರು. ಪಕ್ಕದಲ್ಲೇ ಇದ್ದ ಸೌಮ್ಯ ಕಾಲು ಮಡಚಿಕೊಂಡಳೇ ಹೊರತು ಏಳಲಿಲ್ಲ.

“ಬಟ್ಟೆ ತಗೊಂಡು ಒರ್ಸಮ್ಮ, ನೋಡ್ತಾ ಕೂತಿದೀಯಲ್ಲ!”

“ಅಕ್ಕಾ, ಸಾರಿ, ನಾನು ಇಂಟರ್‌ಫಿಯರ್ ಆಗ್ಬಾರ್ದು. ಅಬ್ಸರ್ವೇಷನ್ ಹಾಳಾಗುತ್ತೆ.”

ಲಕ್ಷ್ಮಮ್ಮ ಒಳಗಿನಿಂದ ಓಡಿ ಬಂದು ಒರೆಸಿದಳು. ಸೌಮ್ಯ ಹೋದ ಮೇಲೆ, “ಈಯಮ್ಮ ಏನ್ ಬರ್ಕೊಂಡ್ ಹೋಗ್ತೈತೆ ಮೇಡಂ ದಿನಾ? ಸಾಂಬಾರ್ ಚೆಲ್ಲಿದ್ದೂ ಬರ್ಕೊಂತಾ?” ಎಂದು ಕೇಳಿದಳು.

“ಅದನ್ನೂ ಬರ್ಕೊಂಡಿರ್ತಾಳೆ” ಎಂದಳು ಮುನಿಲಕ್ಷ್ಮಿ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಎರಡು ತಿಂಗಳ ನಂತರ ಒಂದು ಭಾನುವಾರ ಸೆಮಿನಾರ್ ಇತ್ತು. ಸೌಮ್ಯಳ ಪ್ರಬಂಧದ ಹೆಸರು, ‘ಅಂಗನವಾಡಿಯಲ್ಲಿ ಮೌನದ ಭಾಷೆ: ಅಧಿಕಾರ ಮತ್ತು ಪ್ರತಿರೋಧ’. ಅಂಗನವಾಡಿಯ ಹೆಸರಾಗಲಿ ಟೀಚರ ಹೆಸರಾಗಲಿ ಹೇಳಿರಲಿಲ್ಲ. ‘ಕಾರ್ಯಕರ್ತೆ’ ಎಂದಿತ್ತು ಅಷ್ಟೆ. ಮೊದಲ ಪುಟ ಓದುವಷ್ಟರಲ್ಲಿ ಇಡೀ ತರಗತಿ ತಿರುಗಿ ಮುನಿಲಕ್ಷ್ಮಿಯನ್ನು ನೋಡುತ್ತಿತ್ತು. ಕಾರ್ಯಕರ್ತೆಯ ದನಿ ಆಜ್ಞೆಯ ದನಿ. ಕಾರ್ಯಕರ್ತೆ ಮಕ್ಕಳ ದೇಹಗಳನ್ನು ಶಿಸ್ತಿಗೆ ಒಳಪಡಿಸುತ್ತಾಳೆ. ಒಂದು ಗಂಡುಮಗು ಇಪ್ಪತ್ತು ನಿಮಿಷ ಗೋಡೆಗೆ ಮುಖ ಮಾಡಿ ಮಲಗಿ ಮೌನ ಪ್ರತಿಭಟನೆ ನಡೆಸುತ್ತದೆ. ಒಂದು ಹೆಣ್ಣುಮಗು ತನಗೆ ಕೊಟ್ಟ ಮೊಟ್ಟೆಯನ್ನು ಲಂಗದೊಳಗೆ ಬಚ್ಚಿಟ್ಟು ಸಾಂಸ್ಥಿಕ ಆಹಾರವನ್ನು ನಿರಾಕರಿಸುತ್ತದೆ.

ನಂದಕುಮಾರ್ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಓದು ಮುಗಿದು, ಪ್ರಶ್ನೆಗಳಿವೆಯೇ ಎಂದರು. ಮುನಿಲಕ್ಷ್ಮಿ ಎದ್ದು ನಿಂತಳು.

“ಗೋಡೆ ಕಡೆ ಮುಖ ಮಾಡಿ ಮಲ್ಗಿದ್ನಲ್ಲ ಆ ಹುಡ್ಗ, ಅವನಿಗೆ ತಮ್ಮ ಹುಟ್ಟಿ ನಾಕ್ ದಿನ ಆಗಿತ್ತು. ಒಂದೇ ರೂಮಿನ ಮನೆ. ರಾತ್ರಿಯೆಲ್ಲ ಕೂಸು ಅಳುತ್ತೆ. ಇವನು ಇಲ್ಲಿ ಬಂದು ನಿದ್ದೆ ಮಾಡ್ತಿದ್ದ. ಪ್ರತಿಭಟನೆ ಮಾಡೋವ್ನು ಗೊರಕೆ ಹೊಡೀತಾನೇನಮ್ಮ?”

ತರಗತಿ ಘೊಳ್ಳೆಂದಿತು. ಟ್ಯೂಷನ್ ಮೇಷ್ಟ್ರು ಪೇಪರ್ ತಿದ್ದುವುದನ್ನು ನಿಲ್ಲಿಸಿ ನಕ್ಕರು.

“ಆ ಮೊಟ್ಟೆ, ಅವಳು ಮನೇಲಿರೋ ತಂಗಿಗೆ ತಗೊಂಡ್ ಹೋಗ್ತಾಳೆ. ದಿನಾ ತಗೊಂಡ್ ಹೋಗ್ತಾಳೆ. ನಂಗೂ ಗೊತ್ತು, ಲಕ್ಷ್ಮಮ್ಮಂಗೂ ಗೊತ್ತು. ಅದಕ್ಕೇ ಅವಳಿಗೆ ಕಾಣ್ದಂಗೆ ಇನ್ನೊಂದು ಮೊಟ್ಟೆ ತಟ್ಟೆಗೆ ಹಾಕ್ತೀವಿ. ನಲವತ್ತು ಗಂಟೆ ಕೂತಿದ್ದೆ, ಒಂದು ಸಲ ಕೇಳ್ಬಾರ್ದಿತ್ತಾ?”

ಇಷ್ಟು ಖುಷಿ ಅವಳಿಗೆ ಆ ಕಾಲೇಜಿನಲ್ಲಿ ಎಂದೂ ಆಗಿರಲಿಲ್ಲ. ಸೌಮ್ಯಳ ಕಿವಿ ಕೆಂಪಾಗಿತ್ತು. ಇನ್ನೊಂದು ಏಟು ಕೊಡೋಣವೆಂದು ಮುನಿಲಕ್ಷ್ಮಿ ಬಾಯಿ ತೆರೆಯುವಷ್ಟರಲ್ಲಿ ಆ ಹುಡುಗಿ ಅಳುವಿನ ಅಂಚಿನಲ್ಲಿ ನಿಂತು ಹೇಳಿದಳು:

“ಅದೆಲ್ಲ ನಾನು ತಪ್ಪಾಗಿ ಅರ್ಥ ಮಾಡ್ಕೊಂಡಿರ್ಬೋದು ಅಕ್ಕ. ಆದ್ರೆ ಒಂದು ಟೇಬಲ್ ಇದೆ, ಅದನ್ನ ನಾನು ಓದಿಲ್ಲ, ನಿಮಗೆ ಬೇಜಾರಾಗುತ್ತೆ ಅಂತ. ಯಾವ ಮಗುವನ್ನ ಎಷ್ಟು ಸಲ ಹೆಸರು ಹಿಡಿದು ಕರೆದ್ರಿ ಅಂತ ಎಣಿಸಿದೀನಿ. ಎಲ್ಲಾ ಮಕ್ಕಳನ್ನೂ ಕರೆದಿದೀರಿ. ಹದಿನೇಳನೇ ಮಗುವನ್ನ ಮಾತ್ರ ನಲವತ್ತು ಗಂಟೆಯಲ್ಲಿ ಒಂದು ಸಲಾನೂ ಹೆಸರಿಂದ ಕರೆದಿಲ್ಲ. ‘ಏಯ್’ ಅಂತೀರಿ. ನೂರ ಹನ್ನೆರಡು ಸಲ.”

“ಸುಳ್ಳು” ಎಂದಳು ಮುನಿಲಕ್ಷ್ಮಿ.

“ರಾಜಶ್ರೀ ಅಂತ ಅವಳ ಹೆಸ್ರು.”

“ಸುಳ್ಳು” ಎಂದಳು ಇನ್ನೊಮ್ಮೆ. ಚೀಲ ತೆಗೆದುಕೊಂಡು ಹೊರಗೆ ಬಂದಳು. ರಾಜಶ್ರೀ, ಶಿವವ್ವನ ಮಗಳು.

ಬಸ್ಸಿನಲ್ಲಿ ಕೂತು ಆ ಹುಡುಗಿಯನ್ನು ಬೈಯುವುದಕ್ಕೆ ಬೇಕಾದ ಮಾತುಗಳನ್ನೆಲ್ಲ ಜೋಡಿಸಿಕೊಂಡಳು. ಬೇರೆ ಕೆಲಸವಿಲ್ಲದವಳು, ಎಣಿಸುತ್ತಾ ಕೂತಿದ್ದಳಂತೆ. ಜೆ.ಪಿ. ನಗರ ದಾಟುವಾಗ, ತಾನು ಆ ಮಗುವನ್ನು ಹೆಸರಿನಿಂದ ಕರೆದ ಒಂದೇ ಒಂದು ಸಂದರ್ಭ ನೆನಪಾದರೆ ಸಾಕು, ಮುಂದಿನ ವಾರ ಸೌಮ್ಯಳ ಮುಖಕ್ಕೆ ಎಸೆಯಬಹುದು ಎಂದುಕೊಂಡು ಹುಡುಕತೊಡಗಿದಳು. ಹಾಜರಿ ಪುಸ್ತಕದಲ್ಲಿ ದಿನವೂ ಆ ಹೆಸರಿನ ಮುಂದೆ ಗುರುತು ಹಾಕಿದ್ದು ನೆನಪಿತ್ತು. ತೂಕದ ಪಟ್ಟಿಯಲ್ಲಿ ಬರೆದದ್ದು ನೆನಪಿತ್ತು. ಬಾಯಿಂದ ಬಂದದ್ದು ಮಾತ್ರ ಸ್ಟಾಪು ಬಂದರೂ ನೆನಪಾಗಲಿಲ್ಲ.

ಮಾರನೆಯ ಬೆಳಿಗ್ಗೆ ಮಕ್ಕಳು ಬಂದು ಕೂತರು. ಅವಳು ಹಾಜರಿ ತೆಗೆಯುವ ಮೊದಲೇ, ಮುಂದಿನ ಸಾಲಿನ ಗುರುಸಿದ್ದ ಎನ್ನುವ ನಾಲ್ಕು ವರ್ಷದ ಹುಡುಗ ಎದ್ದು ನಿಂತು, “ಮಿಸ್, ಏಯ್ ಬಂದಿಲ್ಲ” ಎಂದ.

“ಯಾರೋ ಬಂದಿಲ್ಲ?”

“ಏಯ್.” ಅವನು ಗೋಡೆಯ ಹತ್ತಿರದ ಖಾಲಿ ಜಾಗ ತೋರಿಸಿದ.

“ಅವಳ ಹೆಸ್ರು ಏಯ್ ಅಲ್ಲ ಕಣೋ.”

“ಮತ್ತೆ?”

ತಮಾಷೆಗೆ ಕೇಳಿರಲಿಲ್ಲ ಅವನು. ಉಳಿದ ಮಕ್ಕಳೂ ಉತ್ತರಕ್ಕಾಗಿ ಅವಳನ್ನೇ ನೋಡುತ್ತಿದ್ದರು. ಇನ್ನೂ ಹೆಸರು ಬರೆಯಲು ಬಾರದ, ಕಿವಿಗೆ ಬಿದ್ದದ್ದನ್ನೇ ನಂಬುವ ಇಪ್ಪತ್ತೊಂದು ಮಕ್ಕಳು. ಮುನಿಲಕ್ಷ್ಮಿ ಅಡುಗೆ ಕೋಣೆಯ ಬಾಗಿಲಿಗೆ ಹೋದಳು.

“ಲಕ್ಷ್ಮಮ್ಮ, ಈ ಮಕ್ಳು ಅವಳನ್ನ ಏಯ್ ಅಂತ ಕರೀತಾವಾ?”

“ಮೊದ್ಲಿಂದ್ಲೂ ಅಂಗೇ ಕರೀತಾವಲ್ಲ ಮೇಡಂ. ಆಟ ಆಡೋವಾಗ್ಲೂ ಅಂಗೇ.”

“ನೀನ್ಯಾಕೆ ನಂಗೆ ಹೇಳ್ಲಿಲ್ಲ?”

ಲಕ್ಷ್ಮಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸದೆ, ತಲೆಯನ್ನೂ ಎತ್ತದೆ ಹೇಳಿದಳು: “ನೀವೇ ಅಲ್ವಾ ಇಟ್ಟಿದ್ದು.”

ಮೂರು ದಿನವಾದರೂ ರಾಜಶ್ರೀ ಬರಲಿಲ್ಲ. ನಾಲ್ಕನೇ ದಿನ ಅಂಗನವಾಡಿ ಮುಚ್ಚಿದ ಮೇಲೆ ಮುನಿಲಕ್ಷ್ಮಿ ಕೆರೆಯ ಹಿಂದಿನ ಶೀಟಿನ ಮನೆಗಳ ಕಡೆಗೆ ನಡೆದಳು. ಸಮೀಕ್ಷೆಯ ಕಾಗದ ಹಿಡಿದು ಎಷ್ಟೋ ಸಲ ಹೋದ ಜಾಗವೇ. ಆಗೆಲ್ಲ ಮೂಗಿಗೆ ಸೆರಗು ಹಿಡಿದು ಬೀದಿಯಲ್ಲೇ ನಿಂತು ಕೂಗುತ್ತಿದ್ದಳು. ಈ ಸಲ ಬಾಗಿಲವರೆಗೆ ಹೋದಳು. ಶಿವವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಟೀಚರನ್ನು ಕಂಡು ಎದ್ದಳು. ಹಿಟ್ಟಿನ ಕೈಗಳನ್ನು ಒರೆಸಿಕೊಳ್ಳದೆ ಸೊಂಟದ ಮೇಲಿಟ್ಟು ನಿಂತಳು, ಜಗಳಕ್ಕೆ ತಯಾರಾದವಳಂತೆ.

“ಮಗು ನಾಕ್ ದಿನದಿಂದ ಬಂದಿಲ್ಲ” ಎಂದಳು ಮುನಿಲಕ್ಷ್ಮಿ.

“ಜ್ವರಾ ಬಂದಿದ್ವು. ಇವತ್ತ ಬಿಟ್ಟಾವು. ಅದನ್ನ ಕೇಳಾಕ ಬಂದ್ರೇನ್ರಿ?” ಎಂದಳು.

ಮಗು ಮೂಲೆಯಲ್ಲಿ ಹೊದ್ದುಕೊಂಡು ಕೂತಿತ್ತು. ಮುನಿಲಕ್ಷ್ಮಿ ಅದರ ಕಡೆ ನೋಡಿ, “ರಾಜಶ್ರೀ” ಎಂದಳು. ಮಗು ತಿರುಗಲಿಲ್ಲ. ಹಾಗೆ ಕರೆಯುವುದು ತನ್ನ ತಾಯಿ ಮಾತ್ರ, ಈ ದನಿಯಲ್ಲಿ ಬಂದದ್ದು ಇನ್ಯಾರಿಗೋ ಎಂಬಂತೆ ಕೂತೇ ಇತ್ತು. ಶಿವವ್ವ ಅದನ್ನು ನೋಡಿದಳು.

ದಾರಿಯುದ್ದಕ್ಕೂ ಮುನಿಲಕ್ಷ್ಮಿ ಜೋಡಿಸಿಕೊಂಡು ಬಂದಿದ್ದ ಮಾತುಗಳು ಬೇರೆ. ಬಾಯಿಗೆ ಬಂದದ್ದು ಇದು:

“ಅವತ್ತು ಸಭೆ ಇರ್ಲಿಲ್ಲ. ನಂಗೆ ಹುಷಾರಿಲ್ದೆ ಇದ್ದದ್ದೂ ಸುಳ್ಳು. ನಾನೇ ಬೀಗ ಹಾಕ್ಕೊಂಡು ಹೋಗಿದ್ದೆ. ಪರೀಕ್ಷೆ ಇತ್ತು.”

“ನಿಮಗ್ಯಾತರ ಪರೀಕ್ಷಾ ರೀ ಈಗ?”

“ಎಂ.ಎ. ಮಾಡ್ತಿದೀನಿ. ಅವತ್ತು... ಮಕ್ಕಳ ಹಕ್ಕು ಅಂತ ಒಂದು ಪೇಪರ್ ಇತ್ತು.”

ಶಿವವ್ವ ನಕ್ಕಳು. ಗಟ್ಟಿಯಾಗಿಯೇನೂ ಅಲ್ಲ, ಮೂಗಿನಿಂದ ಒಂದು ಉಸಿರು ಹೊರಬಂತು ಅಷ್ಟೆ. ಆ ನಗು ಯಾವುದೆಂದು ಮುನಿಲಕ್ಷ್ಮಿಗೆ ಕೂಡಲೇ ತಿಳಿಯಿತು. ಅವಳೇ ಎರಡು ವರ್ಷದಿಂದ ಹಿಂದಿನ ಬೆಂಚಿನಲ್ಲಿ ಕೂತು ಪ್ರೊಫೆಸರರನ್ನು ನೋಡಿ ನಗುತ್ತಿದ್ದ ನಗು ಅದು. ಇನ್ನೊಬ್ಬರ ಮುಖದಲ್ಲಿ ಅದನ್ನು ಅವಳು ಅದುವರೆಗೆ ನೋಡಿರಲಿಲ್ಲ.

“ಅವತ್ತ ಈ ಕೂಸನ್ನ ಕರ್ಕೊಂಡು ಕೆಲಸಕ್ಕ ಹೋದೆ ನೋಡ್ರಿ” ಎಂದಳು ಶಿವವ್ವ. “ಗೇಟಿನ್ಯಾಗ ಸೆಕ್ಯೂರಿಟಿ ಬಿಡಲಿಲ್ಲ. ಮಕ್ಕಳನ್ನ ಒಳಗ ತರಂಗಿಲ್ಲಂತ. ಹೊಳ್ಳಿ ಬಂದೆ. ಮರುದಿನ ಹೋಗೂದ್ರಾಗ ನನ್ನ ಜಾಗದಾಗ ಬ್ಯಾರೆ ಹೆಣ್ಮಗಳು ನಿಂತಿದ್ಲು. ಈಗ ಹೋಗಾಕ ಎರಡು ಬಸ್ಸು ಬದಲಿ ಮಾಡ್ಬೇಕು. ನಿಮ್ಮ ಪರೀಕ್ಷಾ ಪಾಸಾತೇನ್ರಿ?”

“ಆಯ್ತು.”

“ಛಲೋ ಆತು ಬಿಡ್ರಿ.”

ಮುನಿಲಕ್ಷ್ಮಿಗೆ ಕೂರು ಎಂದು ಯಾರೂ ಹೇಳಲಿಲ್ಲ. ತನ್ನ ಮನೆಯ ಬಾಗಿಲಲ್ಲಿ ಬಾಡಿಗೆದಾರರನ್ನು ಅವಳು ಎಷ್ಟು ಹೊತ್ತು ನಿಲ್ಲಿಸುತ್ತಿದ್ದಳೋ ಅಷ್ಟೇ ಹೊತ್ತು ಅಲ್ಲಿ ನಿಂತಿದ್ದಳು. ಕೊನೆಗೆ, “ನಾಳೆಯಿಂದ ಕಳ್ಸಿ” ಎಂದಳು.

“ಕಳಸ್ತೀನ್ರಿ. ಬ್ಯಾರೆ ಎಲ್ಲಿ ಕಳಸ್ಲಿ? ಬ್ಯಾರೆ ಜಾಗ ಇದ್ದಿದ್ರ ಅವತ್ತ ಕಳಸ್ತಿದ್ದೆ.” ಶಿವವ್ವ ಮತ್ತೆ ಒಲೆಯ ಮುಂದೆ ಕೂತಳು. ರೊಟ್ಟಿ ತಿರುವಿ ಹಾಕುತ್ತಾ, ಹಿಂದಿರುಗಿ ನೋಡದೆ ಸೇರಿಸಿದಳು: “ಹೆಸರು ನಮ್ಮವ್ವ ಇಟ್ಟಾಳ್ರಿ ಅಕಿಗೆ. ಹೆಸರು ಹಿಡದು ಕರೀರಿ.”

ಗೊತ್ತಿತ್ತು ಶಿವವ್ವನಿಗೆ, ಅಷ್ಟು ದಿನದಿಂದ. ಗೊತ್ತಿದ್ದೂ ಬೆಳಿಗ್ಗೆ ಮಗುವನ್ನು ತಂದು ಬಿಡುತ್ತಿದ್ದಳು.

ಮಗು ಮರುದಿನ ಬಂತು. ರಾಜಶ್ರೀ ಎಂದರೆ ತಾನೇ ಎಂದು ಅದಕ್ಕೆ ಅಂಗನವಾಡಿಯಲ್ಲಿ ಖಾತ್ರಿಯಾಗಲು ಎರಡು ವಾರ ಹಿಡಿಯಿತು, ಉಳಿದ ಮಕ್ಕಳಿಗೆ ಅದಕ್ಕಿಂತ ಹೆಚ್ಚು. ಗುರುಸಿದ್ದ ಮಾತ್ರ ಯಾರು ಎಷ್ಟು ತಿದ್ದಿದರೂ ಹಳೆಯ ಹೆಸರನ್ನೇ ಹಿಡಿದುಕೊಂಡಿದ್ದ. ಪ್ರತಿಸಲವೂ ಅದು ಮುನಿಲಕ್ಷ್ಮಿಗೆ ಚುಚ್ಚುತ್ತಿತ್ತು. ಅವನನ್ನು ಗದರಲು ಬಾಯಿ ಬರುತ್ತಿರಲಿಲ್ಲ.

ಸೌಮ್ಯಳಿಗೆ ಅವಳು ಕ್ಷಮೆ ಕೇಳಲಿಲ್ಲ. ಆ ಹುಡುಗಿ ಸಾಂಬಾರು ಒರೆಸದೆ ಕೂತಿದ್ದು ತಪ್ಪೇ, ಗೊರಕೆಯನ್ನು ಪ್ರತಿಭಟನೆ ಎಂದು ಬರೆದದ್ದು ಮೂರ್ಖತನವೇ. ಆ ವಿಷಯದಲ್ಲಿ ಮುನಿಲಕ್ಷ್ಮಿಯ ಅಭಿಪ್ರಾಯ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಆದರೆ ಮುಂದಿನ ಭಾನುವಾರ ಊಟದ ಹೊತ್ತಿನಲ್ಲಿ ಹೋಗಿ ಅವಳ ಪಕ್ಕ ಕೂತು, ಡಬ್ಬಿ ತೆಗೆದು, “ಆ ಟೇಬಲ್ ನಂಗೊಂದು ಕಾಪಿ ಕೊಡು” ಎಂದಳು. ಸೌಮ್ಯ ಏನೂ ಕೇಳದೆ ಕೊಟ್ಟಳು.

ಮೂರನೇ ವರ್ಷದ ಕಿರುಪ್ರಬಂಧವನ್ನು ಅವಳು ಅದರ ಮೇಲೆಯೇ ಬರೆದಳು. ಒಂದು ಮಗುವಿಗೆ ಅಂಗನವಾಡಿಯಲ್ಲಿ ಹೆಸರು ತಪ್ಪಿಹೋದ ಕತೆ. ಬೀಗ, ಚೀಟಿ, ಪರೀಕ್ಷೆ, ಅರವತ್ತೆಂಟು ಅಂಕ, ಮೆಮೊ, ‘ಹುಷಾರಿಲ್ಲ’ ಎಂದು ಬರೆದುಕೊಟ್ಟದ್ದು, ಎಲ್ಲವನ್ನೂ ಬರೆದಳು. ಈ ಸಲ ಸಾಸಿವೆ ಉದುರಿಸಲಿಲ್ಲ. ಮಾರ್ಗದರ್ಶಕರಾಗಿದ್ದ ನಂದಕುಮಾರ್ ಓದಿ, ಕನ್ನಡಕ ತೆಗೆದು ಒರೆಸಿದರು.

“ಇದನ್ನ ತೆಗೆದುಬಿಡಿ ಮೇಡಂ, ಈ ಬೀಗದ ಭಾಗ. ಇದು ಡೇಟಾ ಅಲ್ಲ, ತಪ್ಪೊಪ್ಪಿಗೆ. ಇದು ನಿಮ್ಮ ಇಲಾಖೆಯವ್ರ ಕೈಗೆ ಸಿಕ್ಕಿದ್ರೆ ನಿಮಗೇ ತೊಂದ್ರೆ. ನಮ್ಮ ಕಾಲೇಜಿನ ಹೆಸ್ರೂ ಬರುತ್ತೆ, ಪರೀಕ್ಷೆ ಇಟ್ಟಿದ್ದು ನಾವೇ ಅಲ್ವಾ.”

“ಅದನ್ನ ತೆಗೆದ್ರೆ ಉಳಿಯೋದೇನು ಸಾರ್?”

“ಯಾಕೆ, ಥಿಯರಿ ಇದೆಯಲ್ಲ. ಚೆನ್ನಾಗೇ ಬರ್ದಿದೀರಿ.”

ಎತ್ತಿದ ಕೈಗಳು ಮತ್ತೊಮ್ಮೆ ಕಂಡವು ಅವಳಿಗೆ. ತೆಗೆಯಲಿಲ್ಲ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಹಿರಿಯ ಪ್ರಾಧ್ಯಾಪಕಿ ಪುಟ ತಿರುವುತ್ತಾ, “ಒಂದೇ ಮಗುನಾ? ಇಷ್ಟು ಸಣ್ಣ ಸ್ಯಾಂಪಲ್ಲಿಂದ ಏನು ತೀರ್ಮಾನಕ್ಕೆ ಬರೋಕಾಗುತ್ತಮ್ಮ?” ಎಂದು ಕೇಳಿದರು.

“ಮಕ್ಕಳ ಬಗ್ಗೆ ಏನೂ ಇಲ್ಲ ಮೇಡಂ” ಎಂದಳು ಮುನಿಲಕ್ಷ್ಮಿ. “ಟೀಚರ್ ಬಗ್ಗೆ ಬರ್ಬೋದು.”

ಆಕೆ ಏನನ್ನೋ ಬರೆದುಕೊಂಡರು. ಕಿರುಪ್ರಬಂಧಕ್ಕೆ ಪಾಸಾಗುವಷ್ಟು ಅಂಕ ಬಂತು, ಒಟ್ಟಾರೆ ಸೆಕೆಂಡ್ ಕ್ಲಾಸ್. ಸೌಮ್ಯಳಿಗೆ ಮೊದಲ ರ್‍ಯಾಂಕ್. ಅರ್ಪಿತ ಸಭೆಯಲ್ಲಿ ಎಲ್ಲರ ಮುಂದೆ ಚಪ್ಪಾಳೆ ತಟ್ಟಿಸಿ, “ಈಗ ನಮ್ಮ ಮೇಡಂಗೆ ಥಿಯರಿನೂ ಬಂತು” ಎಂದಳು. ಮೂರು ವರ್ಷ ಈ ಮಾತನ್ನು ಕೇಳುವುದಕ್ಕೆಂದೇ ಓದಿದ್ದ ಮುನಿಲಕ್ಷ್ಮಿಗೆ ಅದು ಬಸ್ಸಿನಲ್ಲಿ ಯಾರೋ ಯಾರಿಗೋ ಹೇಳಿದ ಹಾಗೆ ಕೇಳಿಸಿತು. ಸರ್ಟಿಫಿಕೇಟಿಗೆ ಫ್ರೇಮು ಹಾಕಿಸುತ್ತೇನೆಂದು ದೇವರಾಜ ಹೊರಟ. ಬೇಡ ಎಂದಳು. ಅವನು ಕೇಳದೆ ಹಾಕಿಸಿ, ಅಂಗಡಿಯಲ್ಲಿ ಪೇಂಟಿನ ಡಬ್ಬಿಗಳ ಮೇಲೆ ತಗುಲಿಹಾಕಿದ.

ಆ ಜೂನ್‌ನಲ್ಲಿ ರಾಜಶ್ರೀ ಒಂದನೇ ತರಗತಿಗೆ ಸೇರಬೇಕಿತ್ತು. ಅದರ ಹಿಂದಿನ ತಿಂಗಳು ಶಿವವ್ವ ಕೆಲಸಕ್ಕೆ ಹತ್ತಿರವಾಗಲೆಂದು ಬಿ.ಟಿ.ಎಂ. ಲೇಔಟ್ ಕಡೆಗೆ ಮನೆ ಬದಲಾಯಿಸಿದಳು. ಹೇಳಿ ಹೋಗಲಿಲ್ಲ. ಲಕ್ಷ್ಮಮ್ಮನಿಂದ ಸುದ್ದಿ ತಿಳಿದಾಗ ಮುನಿಲಕ್ಷ್ಮಿಯ ಬಾಯಿಗೆ ಮೊದಲು ಬಂದದ್ದು, “ನೋಡು, ಒಂದು ಮಾತು ಹೇಳೋ ಸೌಜನ್ಯ ಇಲ್ಲ ಈ ಜನಕ್ಕೆ” ಎಂಬುದೇ. ಹೇಳಿ ಮುಗಿಸಿದ ಮೇಲೆ ಆ ಮಾತು ಕೋಣೆಯಲ್ಲೇ ನಿಂತಿತು. ಮುನಿಲಕ್ಷ್ಮಿ ತನಗೆ ತಾನೇ “ನನ್ ಬಾಯಿ” ಎಂದಳು.

ಆಮೇಲೆ ಶಿವವ್ವನ ನಂಬರು ಹುಡುಕಿ ಫೋನ್ ಮಾಡಿ, ಮಗುವಿನ ಲಸಿಕೆಯ ಕಾರ್ಡು ಇಲ್ಲೇ ಉಳಿದಿದೆ, ಶಾಲೆಗೆ ಸೇರಿಸುವಾಗ ಕೇಳುತ್ತಾರೆ, ಭಾನುವಾರ ತಾನೇ ತಂದುಕೊಡುತ್ತೇನೆ, ವಿಳಾಸ ಹೇಳಿ ಎಂದು ಕೇಳಿದಳು. ಭಾನುವಾರಗಳು ಈಗ ಅವಳಿಗೆ ಬಿಡುವಾಗಿದ್ದವು.